ಸಾವಂತ್ರವ್ವನ ಥಂಡಿ ಖೋಲಿ

ಮುಂಬಯಿಯ ಮ್ಯಾನೇಜರ್ ಸಾಹೇಬರು ವಿಜಾಪುರ ಬಿಟ್ಟು ಹೋಗುವಾಗ ಬಂಗಲೆಯಲ್ಲಿ ಮೂರು ವಸ್ತು ಬಿಟ್ಟುಹೋದರು: ಒಂದು ಮುದಿ ನಾಯಿ, ಕಾಲು ಮುರಿದ ಒಂದು ಕುರ್ಚಿ, ಮತ್ತು ಒಂದು ಏರ್ ಕಂಡೀಷನ್ ಮಷಿನ್. ನಾಯಿಯನ್ನು ಅಡಿಗೆಯವನು ಒಯ್ದ. ಕುರ್ಚಿಯನ್ನು ತೋಟದ ಮಾಲಿ ಒಯ್ದ. ಹತ್ತಿ ಫ್ಯಾಕ್ಟರಿಯ ಆಫೀಸಿನಲ್ಲಿ ಇಪ್ಪತ್ತು ವರ್ಷ ತಲೆ ಎತ್ತದೆ ಪತ್ರ ಬರೆದ ಗುಮಾಸ್ತ ಶಂಕರೆಪ್ಪನಿಗೆ ಮಷಿನ್ ಬಂತು. ಮೂವರಲ್ಲಿ ಜಾಣನೆಂದರೆ ನಾಯಿ ಒಯ್ದವನು ಎಂಬುದು ಆಮೇಲೆ ಗೊತ್ತಾಯಿತು. ಆದರೆ ಅರವತ್ತಮೂರನೇ ಇಸವಿಯ ಆ ಮಾರ್ಚ್ ತಿಂಗಳಲ್ಲಿ ಇಡೀ ಓಣಿ ಶಂಕರೆಪ್ಪನ ಅದೃಷ್ಟ ಕಂಡು ಹೊಟ್ಟೆ ಉರಿದುಕೊಂಡಿತ್ತು.

ಮಷಿನ್ ಚಕ್ಕಡಿಯ ಮೇಲೆ ಬಂತು. ಫ್ಯಾಕ್ಟರಿಯಿಂದ ಮನೆಗೆ ಹತ್ತು ನಿಮಿಷದ ದಾರಿ. ಶಂಕರೆಪ್ಪ ಅದನ್ನು ಬಜಾರದ ಮೇಲೆ ಹಾಯಿಸಿ, ಪರಿಚಯದವರ ಅಂಗಡಿ ಕಂಡಲ್ಲೆಲ್ಲ ಎತ್ತುಗಳಿಗೆ ದಣಿವಾಗಿದೆಯೆಂದು ನಿಲ್ಲಿಸಿ, ಒಂದೂವರೆ ತಾಸು ಮಾಡಿದ. ದಾರಿಯುದ್ದಕ್ಕೂ ಚಕ್ಕಡಿಯ ಪಕ್ಕದಲ್ಲಿ ಕೊಡೆ ಹಿಡಿದು ನಡೆದ. ಕೊಡೆ ಹಿಡಿದದ್ದು ಮಷಿನ್‌ಗೆ, ತಾನು ಬಿಸಿಲಲ್ಲೇ ಇದ್ದ.

ಅದನ್ನು ಕೂರಿಸಲು ಬಂದವನು ಕುತುಬುದ್ದೀನ. ಊರಿನ ಫ್ಯಾನುಗಳಿಗೆ ತಂತಿ ಸುತ್ತುವುದು, ಟಾಕೀಜಿನ ಮಷಿನ್ ಕೆಟ್ಟರೆ ಓಡಿಹೋಗುವುದು ಅವನ ಕೆಲಸ. ಮುಂದಿನ ಖೋಲಿಯ ಕಿಟಕಿ ಕಿತ್ತು, ಅಲ್ಲಿ ಪೆಟ್ಟಿಗೆ ತೂರಿಸಿ, ಮೀಟರಿನಿಂದ ದಪ್ಪನೆಯ ಬೇರೆ ವಾಯರು ಎಳೆದು, ಕೊನೆಗೆ ಕೈ ಒರೆಸಿಕೊಳ್ಳುತ್ತಾ ಹೇಳಿದ:

“ನೋಡ್ರಿ ಶಂಕರೆಪ್ಪಾರ, ಇದು ಬಾಳ ನಾಜೂಕ ಜಾತಿ. ಬಾಗಿಲಾ ಮುಚ್ಚಿಕೊಂಡ ಹಚ್ಚಬೇಕು. ಒಮ್ಮಿ ಬಂದ ಮಾಡಿದ್ರ ಐದ ನಿಮಿಷ ತಡದು ಹಚ್ಚಬೇಕು, ಇಲ್ಲಂದ್ರ ಒಳಗಿನ ಮೋಟಾರ ಸುಡತೈತಿ. ಹಿಂದ ನೀರ ಸೋರತಾವು, ಗಾಬರಿ ಆಗಬ್ಯಾಡ್ರಿ. ಮತ್ತ ಈ ಮುಂದಿನ ಜಾಳಗಿ ಐತೆಲ್ಲ, ಇದನ್ನ ಹದಿನೈದ ದಿನಕ್ಕೊಮ್ಮಿ ಬಿಚ್ಚಿ, ತೊಳದು, ನೆಳ್ಳಾಗ ಒಣಗಿಸಿ ಹಾಕಬೇಕು. ಉಳದಿದ್ದ ಮರತರೂ ಇದನ್ನ ಮರೀಬ್ಯಾಡ್ರಿ. ನಮ್ಮೂರ ಧೂಳ ನಿಮಗ ಗೊತ್ತೈತಿ.”

ಶಂಕರೆಪ್ಪ ಇಷ್ಟನ್ನೂ ಫ್ಯಾಕ್ಟರಿಯ ಕಾಗದದ ಮೇಲೆ ದುಂಡಗೆ ಬರೆದು ಗೋಡೆಗೆ ಅಂಟಿಸಿದ. ಬರೆದದ್ದನ್ನು ಮೀರಬಾರದು ಎಂಬುದು ಅವನ ನಿಯಮ. ಬರೆದದ್ದರ ಅರ್ಥವನ್ನು ಮಾತ್ರ ಅವನು ತನ್ನ ಸ್ವಂತ ಬುದ್ಧಿಯಿಂದ ಮಾಡುತ್ತಿದ್ದ. ಜಾಳಿಗೆಯ ಮೇಲೆ ಮೊದಲ ಪದರು ಧೂಳು ಕೂತ ದಿನ ಅದನ್ನು ಬಹಳ ಹೊತ್ತು ನೋಡಿದ. ಕೊಡದ ಬಾಯಿಗೆ ನೀರು ಸೋಸಲು ಅವ್ವ ಒಂದೇ ಪದರು ಬಟ್ಟೆ ಕಟ್ಟುವುದಿಲ್ಲ, ನಾಲ್ಕು ಪದರು ಕಟ್ಟುತ್ತಾಳೆ. ಪದರು ಹೆಚ್ಚಿದಷ್ಟೂ ನೀರು ಸ್ವಚ್ಛ. ಹಾಗಾದರೆ ಧೂಳಿನ ಪದರು ಹೆಚ್ಚಿದಷ್ಟೂ ಗಾಳಿ ಸ್ವಚ್ಛವಾಗಬೇಕಲ್ಲ! ಇಷ್ಟು ಕಷ್ಟಪಟ್ಟು ಕೂತ ಧೂಳನ್ನು ತೊಳೆದು ಚೆಲ್ಲುವುದು ಮುಂಬಯಿಯವರ ದುಂದುಗಾರಿಕೆ ಎಂದು ತೀರ್ಮಾನಿಸಿ, ಜಾಳಿಗೆಗೆ ಒಂದು ಬೆರಳು ವಿಭೂತಿ ಹಚ್ಚಿ ಕೈ ಮುಗಿದ. ಅದೂ ಅಲ್ಲದೆ, ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡದ ಮನೆತನ ಅವನದು. ಹೊಲ ಹೋಗಿ ಎರಡು ತಲೆಮಾರಾಗಿದ್ದರೂ ರೂಢಿ ಹೋಗಿರಲಿಲ್ಲ. ಆದ್ದರಿಂದ ಮಷಿನ್‌ಗೂ ಸೋಮವಾರ ರಜೆ ಸಿಕ್ಕಿತು. ಆ ದಿನ ಅವನ ಹೆಂಡತಿ ರಾಚವ್ವ ಬೀಸಣಿಗೆ ಹುಡುಕುತ್ತಾ ಗಂಡನ ಮನೆತನಕ್ಕೆ ಏನೇನು ಅನ್ನುತ್ತಿದ್ದಳೋ ಅದನ್ನು ಇಲ್ಲಿ ಬರೆಯುವುದು ಬೇಡ.

ಓಣಿಯ ಜನ ತಂಡ ಕಟ್ಟಿಕೊಂಡು ಥಂಡಿ ಮಷಿನ್ ನೋಡಲು ಬಂದರು. ಎದುರುಮನೆಯ ಬೋರವ್ವ ಪೆಟ್ಟಿಗೆಯನ್ನು ಸುತ್ತ ತಡವಿ, “ಬರ್ಫ ಹಾಕೂ ತೂತ ಎಲ್ಲೈತ್ರಿ?” ಎಂದು ಕೇಳಿದಳು. ಮಂಜುಗಡ್ಡೆ ಬೇಕಿಲ್ಲವೆಂದಾಗ, ಮುಚ್ಚಿಡುತ್ತಿದ್ದಾರೆ ಎಂದು ಸಂಶಯಪಟ್ಟಳು. ಪಕ್ಕದ ಮನೆಯ ಅಮೋಘಿ ಮುನ್ಸಿಪಾಲಿಟಿಯಲ್ಲಿ ಜನನ ಮರಣದ ವಹಿ ಬರೆಯುವ ಕಾರಕೂನ. ಅವನ ಪ್ರಶ್ನೆ ಸರಕಾರಿ ರೀತಿಯದು.

“ಒಳಗಿನ ಶಕಿ ಎಲ್ಲಿ ಹೋಗತೈತಿ?”

“ಹಿಂದಿನಿಂದ ಹೊರಗ ಹೋಗತೈತ್ರಿ,” ಎಂದ ಶಂಕರೆಪ್ಪ ಹೆಮ್ಮೆಯಿಂದ.

“ಹಿಂದ ಅಂದ್ರ ನನ್ನ ಪಡಸಾಲಿ. ಅಂದ್ರ ನಿಮ್ಮನಿ ಶಕಿ ನಮ್ಮನಿಗೆ ಕಳಸಾಕತ್ತೀರಿ. ನಿಮ್ಮ ಶಕಿ ನೀವ ಇಟ್ಕೋರಿ, ನಮಗ ನಮ್ಮದ ಬೇಕಾದಷ್ಟೈತಿ!”

ಇದಕ್ಕೆ ಗೋಡೆಯ ಮೇಲಿನ ಕಾಗದದಲ್ಲಿ ಉತ್ತರವಿರಲಿಲ್ಲ. ಮಷಿನ್ ಹಚ್ಚಿದಾಗೊಮ್ಮೆ ಓಣಿಯ ದೀಪಗಳೆಲ್ಲ ಕಣ್ಣು ಮುಚ್ಚಿ ತೆರೆಯುತ್ತಿದ್ದವು, ಅದಕ್ಕೂ ಇರಲಿಲ್ಲ.

ಹೀಗೆ ಜಂಬವೇ ಹೆಚ್ಚಾಗಿದ್ದರೂ ಶಂಕರೆಪ್ಪನ ಮನಸ್ಸಿನಲ್ಲಿ ಜಂಬವೊಂದೇ ಇರಲಿಲ್ಲ. ಅವನ ಅವ್ವ ಸಾವಂತ್ರವ್ವನಿಗೆ ಎಪ್ಪತ್ತು ದಾಟಿತ್ತು. ಬೇಸಿಗೆ ಬಂತೆಂದರೆ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಹಿಂದಿನ ವರ್ಷ ಡಾಕ್ಟರು, “ಈಕಿನ್ನ ಶಕಿಯಾಗ ಇಡಬ್ಯಾಡ್ರಿ, ಇನ್ನೊಂದ ಬ್ಯಾಸಗಿ ತಡಿಯೂದು ಕಠಿಣ,” ಎಂದಿದ್ದರು. ಥಂಡಿ ಖೋಲಿಯಲ್ಲಿ ಕಂಬಳಿ ಹೊದ್ದು ಕೂತ ಮೇಲೆ ಮುದುಕಿ ಮೊದಲ ಸಲ ಎರಡು ರೊಟ್ಟಿ ಉಂಡಳು. ಶಂಕರೆಪ್ಪ ಅಡಿಗೆಮನೆಗೆ ಹೋಗಿ ರಾಚವ್ವನಿಗೆ ಹೇಳಿ, ಗೋಡೆಯ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಂಡ.

ಆದರೆ ಮುದುಕಿಗೆ ಶಕೆಗಿಂತ ಹಳೆಯದೊಂದು ಸಂಕಟವಿತ್ತು. ಅವಳ ತವರು ಬಬಲೇಶ್ವರ. ಅಲ್ಲಿ ಅವಳ ತಮ್ಮ ಖಂಡಪ್ಪ. ತಾಯಿ ಸತ್ತ ಮೇಲೆ ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಇವಳೇ. ಅಕ್ಕನ ಮಗನಿಗೆ ತನ್ನ ಮಗಳನ್ನು ಕೊಡುವುದು ತನ್ನ ಹಕ್ಕೆಂದು ಖಂಡಪ್ಪ ತಿಳಿದಿದ್ದ. ಸಾವಂತ್ರವ್ವ ತಿಕೋಟಾದಿಂದ ರಾಚವ್ವನನ್ನು ತಂದಳು. ಇಪ್ಪತ್ತನಾಲ್ಕು ವರ್ಷದ ಹಿಂದೆ, ಶಂಕರೆಪ್ಪನ ಅಕ್ಷತೆಯ ದಿನ, ಖಂಡಪ್ಪ ಇದೇ ಬಾಗಿಲಲ್ಲಿ ನಿಂತು ನಾಲ್ಕು ಜನರ ಮುಂದೆ ಆಣೆ ಮಾಡಿದ್ದ: “ನೀ ಜೀವಂತ ಇರೂತನಕ ಈ ಹೊಸ್ತಿಲಾ ತುಳಿಯಂಗಿಲ್ಲ!” ಆಮೇಲೆ ಅವನು ಬರಲಿಲ್ಲ. ಇವಳು ಹೋದಾಗ ಅವನು ಹಿತ್ತಲಿನಿಂದ ಹೊಲಕ್ಕೆ ಹೋಗಿಬಿಟ್ಟ. ಸಾಯುವುದರೊಳಗೆ ಅವನ ಮುಖ ಒಮ್ಮೆ ನೋಡಬೇಕು, ಅವನ ದನಿ ಒಮ್ಮೆ ಕೇಳಬೇಕು ಎಂಬುದೊಂದೇ ಅವಳ ಆಸೆ. ಅದನ್ನು ಅವಳು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಅದನ್ನು ಸರಿಮಾಡುವ ಮಷಿನ್ ಮ್ಯಾನೇಜರ್ ಸಾಹೇಬರ ಬಂಗಲೆಯಲ್ಲಿ ಇರಲಿಲ್ಲ.

ಯುಗಾದಿ ಕಳೆದು ನಾಲ್ಕನೆಯ ದಿನ ಅದು ನಡೆಯಿತು. ಶಂಕರೆಪ್ಪ ಆಫೀಸಿಗೆ ಹೋಗಿದ್ದ, ರಾಚವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಬೋರವ್ವ ತುಸು ತಣ್ಣಗಾಗಿ ಬರೋಣವೆಂದು ಖೋಲಿಯ ಬಾಗಿಲು ತೆರೆದಳು. ಸಾವಂತ್ರವ್ವ ಗೋಡೆಗೆ ಒರಗಿ ಪದ್ಮಾಸನ ಹಾಕಿ ಕೂತಿದ್ದಳು. ಮೈಮೇಲೆ ಕಂಬಳಿ, ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಕಣ್ಣು ಮುಚ್ಚಿತ್ತು. ಪೂಜೆಗೆ ಕೂತರೆ ಮುದುಕಿ ಮಾತಾಡುತ್ತಿರಲಿಲ್ಲ, ಓಗೊಡುತ್ತಿರಲಿಲ್ಲ. ಆದರೆ ಅವರ ಮಂದಿಯಲ್ಲಿ ಸತ್ತವರನ್ನು ಕೂರಿಸುವುದೂ ಹೀಗೆಯೇ: ಗೋಡೆಗೆ ಒರಗಿಸಿ, ವಿಭೂತಿ ಬಳಿದು, ಕೈಯಲ್ಲಿ ಲಿಂಗ ಇಟ್ಟು. ಬೋರವ್ವ, “ಸಾವಂತ್ರಕ್ಕಾ,” ಎಂದಳು. ಮಷಿನ್ ಗುರ್ರೆಂದಿತು. ಕೈ ಮುಟ್ಟಿದಳು. ಮಣ್ಣಿನ ಕೊಡದ ತಳ ಮುಟ್ಟಿದಂತಿತ್ತು.

ಆಕೆ ಹೊಡೆದ ಬೊಬ್ಬೆಗೆ ಓಣಿಯೆಲ್ಲ ಹೊರಗೆ ಬಂತು. ಬೋರವ್ವನ ಗಂಡ ಪರಸಪ್ಪ ಬಬಲೇಶ್ವರ ಬಸ್ಸಿನ ಕಂಡಕ್ಟರ್. ಅವನು ಆಗಷ್ಟೇ ಚೀಲ ಹೆಗಲಿಗೆ ಹಾಕಿಕೊಂಡು ಡ್ಯೂಟಿಗೆ ಹೊರಟಿದ್ದ. ಬಸ್‌ಸ್ಟ್ಯಾಂಡಿನಲ್ಲಿ ತಿಕೋಟಾ ಬಸ್ಸಿನ ಕಂಡಕ್ಟರನಿಗೆ ಹೇಳಿ, ತಾನು ಬಬಲೇಶ್ವರದ ದಾರಿಯಲ್ಲಿ ಸ್ಟಾಪಿಗೊಂದು ಸಲ ಹೇಳುತ್ತಾ ಹೋದ. ಅಮೋಘಿ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊತ್ತಿಕೊಂಡು, ಹಾಗೆಯೇ ಆಫೀಸಿಗೆ ಹೋಗಿ, ನೆರೆಯವನ ಕೆಲಸ ತಡವಾಗಬಾರದೆಂದು ವಹಿಯಲ್ಲಿ ಸಾವಂತ್ರವ್ವನ ಹೆಸರು ಶಾಯಿಯಲ್ಲಿ ಬರೆದುಬಿಟ್ಟ. ಅವನ ನೌಕರಿಯಲ್ಲಿ ಅದೇ ಅತಿ ಬೇಗ ಆದ ಕೆಲಸ.

ಶಂಕರೆಪ್ಪ ಓಡುತ್ತಾ ಬಂದಾಗ ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಜನರನ್ನು ಸರಿಸಿ ಖೋಲಿಯೊಳಗೆ ಹೊಕ್ಕು ಬಾಗಿಲು ಹಾಕಿಕೊಂಡು, “ಯವ್ವಾ!” ಎಂದು ಕಾಲ ಮೇಲೆ ಬಿದ್ದ.

“ಕಾಲ ಬಿಡೋ, ಜುಂ ಹಿಡದೈತಿ,” ಎಂದಳು ಸಾವಂತ್ರವ್ವ. “ಆ ಬೋರಿ ಮೈಲಿಗಿ ಕೈಲೆ ನನ್ನ ಮುಟ್ಟಿ ಪೂಜಿ ಕೆಡಿಸ್ಯಾಳ. ಹೊರಗ ಯಾರ ಸತ್ತಾರಂತ ಇಷ್ಟ ಮಂದಿ ಕೂಡ್ಯಾರ?”

ಶಂಕರೆಪ್ಪ ನೆಲದ ಮೇಲೆ ಕೂತುಬಿಟ್ಟ. ನಗು, ಅಳು, ಬೆವರು ಮೂರೂ ಒಟ್ಟಿಗೆ ಬಂದವು. ಎದ್ದು, “ತಡೀಬೇ, ಮಂದಿಗೆ ಹೇಳಿ ಕಳಸತೇನಿ. ಪರಸಪ್ಪ ಬ್ಯಾರೆ ಬಬಲೇಶ್ವರಕ್ಕ ಸುದ್ದಿ ಒಯ್ದಾನ,” ಎಂದು ಬಾಗಿಲಿಗೆ ಕೈ ಹಾಕಿದ.

“ಶಂಕ್ರ್ಯಾ.” ಮುದುಕಿಯ ದನಿ ಬದಲಾಗಿತ್ತು. “ಖಂಡಗ ಸುದ್ದಿ ಹೋಗೈತೇನ?”

“ಹೌದಬೇ.”

“ನಾ ಸತ್ತೇನಂತ?”

“ಹೌದಬೇ.”

ಸಾವಂತ್ರವ್ವ ಮಷಿನ್ ಕಡೆ ನೋಡಿದಳು. ಆಮೇಲೆ ಕಂಬಳಿ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿದಳು. “ಬಾಗಿಲಾ ಹಾಕು. ಆಂವಾ ಹೊಸ್ತಿಲಾ ದಾಟಲಿ. ಆಮ್ಯಾಲ ನಾ ಬದಕತೇನಿ.”

“ಯವ್ವಾ, ಇದು ಮೋಸಬೇ! ನಾ ಆಫೀಸಿನಾಗ ಇವತ್ತಿನತನಕ ಒಂದ ಸುಳ್ಳ ಬರದಿಲ್ಲ.”

“ಬರಿ ಅಂತ ಯಾರಂದ್ರು? ಸುಮ್ಮನ ನಿಂದ್ರು. ಆ ಮಷಿನ್ ಇನ್ನಷ್ಟ ಜೋರ ಮಾಡು.”

ಶಂಕರೆಪ್ಪ ತನ್ನ ನಲವತ್ತಾರು ವರ್ಷದ ಸತ್ಯವಂತಿಕೆಯನ್ನೂ ಎಪ್ಪತ್ತು ವರ್ಷದ ತಾಯಿಯನ್ನೂ ತೂಗಿ ನೋಡಿದ. ತಾಯಿ ಭಾರವಾದಳು. ಆದರೂ ಅವನು ಒಂದು ಗಡಿ ಹಾಕಿಕೊಂಡ: ಅವ್ವ ಸತ್ತಳೆಂದು ತನ್ನ ಬಾಯಿಂದ ಹೇಳುವುದಿಲ್ಲ. ಯಾರು ಏನು ಕೇಳಿದರೂ ಮಷಿನ್ ವಿಷಯ ಮಾತ್ರ ಮಾತಾಡುವುದು. ಹೀಗೆ ನಿರ್ಧರಿಸಿ ಗಿರಣಿಯಿಂದ ಅಳುತ್ತಾ ಬಂದ ರಾಚವ್ವನ ಕಿವಿಯಲ್ಲಿ ನಿಜ ಹೇಳಿದ. ಆಕೆ ಅಳು ನಿಲ್ಲಿಸಿದಳು. ಅತ್ತೆಯ ಮೇಲಿನ ಸಿಟ್ಟಿಗೆ ಇನ್ನೊಮ್ಮೆ ಶುರು ಮಾಡಿದಳು, ಮತ್ತು ಅದು ಮೊದಲಿನದಕ್ಕಿಂತ ಜೋರಾಗಿತ್ತು.

ಹನ್ನೊಂದು ಗಂಟೆಗೆ ತಿಕೋಟಾದಿಂದ ರಾಚವ್ವನ ಅಣ್ಣ ಸಂಗಣ್ಣ ಬಂದ. ಅವನು ಭಜನಾ ಮೇಳದ ಮುಖ್ಯಸ್ಥ. ಸಾವಿನ ಮನೆಯ ವ್ಯವಸ್ಥೆಯಲ್ಲಿ ಎತ್ತಿದ ಕೈ. ಹಾರ್ಮೋನಿಯಂ ಪೇಟಿ, ತಾಳ, ಐದು ಜನ ಭಜನೆಯವರ ಸಮೇತ ಬಂದು ಬಾಗಿಲ ಮುಂದೆ ನಿಂತು ಅಪ್ಪಣೆ ಕೊಡತೊಡಗಿದ.

“ಬಾಗಿಲಾ ತಗೀರಿ ಶಂಕರೆಪ್ಪಾರ. ಒಳಗ ಕುಂತು ಭಜನಿ ಮಾಡಬೇಕು.”

“ಬಾಗಿಲಾ ತಗದ್ರ ಥಂಡಿ ಹೊರಗ ಹೋಗತೈತ್ರಿ,” ಎಂದ ಶಂಕರೆಪ್ಪ ಕಾಗದ ತೋರಿಸಿ.

“ಹಂಗಾರ ಮಷಿನ್ ಬಂದ ಮಾಡ್ರಿ. ಇದರ ಆವಾಜಿನಾಗ ದೇವರ ನಾಮಾ ಯಾರಿಗೆ ಕೇಳಸಬೇಕು?”

“ಬಂದ ಮಾಡಿದ್ರ ಮತ್ತ ಐದ ನಿಮಿಷ ಹಚ್ಚಾಕ ಬರಂಗಿಲ್ರಿ. ಮೋಟಾರ ಸುಡತೈತಿ.”

“ನಿಮ್ಮವ್ವ ಸತ್ತಾಳ, ನಿಮಗ ಮೋಟಾರಿನ ಚಿಂತಿ?”

“ಹಿಂದ ನೀರ ಸೋರತಾವ್ರಿ, ಅದಕ್ಕ ಗಾಬರಿ ಆಗಬ್ಯಾಡ್ರಿ,” ಎಂದ ಶಂಕರೆಪ್ಪ. ದುಃಖಕ್ಕೆ ತಲೆ ಕೆಟ್ಟಿದೆಯೆಂದು ಓಣಿಯ ಹೆಂಗಸರು ಲೊಚ್‌ಗುಟ್ಟಿದರು. ಕೊನೆಗೆ ಒಬ್ಬೊಬ್ಬರೇ ಒಳಗೆ ಹೋಗಿ, ದೂರದಿಂದ ಕೈ ಮುಗಿದು, ಕೂಡಲೇ ಬಾಗಿಲು ಹಾಕಿಕೊಂಡು ಬರಬೇಕೆಂದು ತೀರ್ಮಾನವಾಯಿತು. ಹೊರಗೆ ಬೆಂಕಿಯಂಥ ಬಿಸಿಲು. ಹಾಗಾಗಿ ಓಣಿಯ ಜನಕ್ಕೆ ಸಾವಂತ್ರವ್ವನ ಮೇಲೆ ಎಂದೂ ಇಲ್ಲದ ಪ್ರೀತಿ ಹುಟ್ಟಿತು. ಕೆಲವರು ಮೂರು ಸಲ ದರ್ಶನ ಮಾಡಿದರು. ಬೋರವ್ವ ಐದನೇ ಸಲ ಹೊರಟಾಗ ರಾಚವ್ವ ಅಡ್ಡ ನಿಂತಳು.

ಎರಡು ಗಂಟೆಯ ಬಸ್ಸಿಗೆ ಖಂಡಪ್ಪ ಬಂದ. ಅರವತ್ತೈದರ ಆಳು, ದೊಡ್ಡ ರುಮಾಲು, ಕಂಕುಳಲ್ಲಿ ಕಾಗದ ಸುತ್ತಿದ ಇಳಕಲ್ ಸೀರೆ. ಹೆಣ್ಣುಮಗಳ ಕೊನೆಯ ಸೀರೆ ತವರಿನಿಂದಲೇ ಬರಬೇಕಲ್ಲ. ಹೊಸ್ತಿಲ ಮುಂದೆ ನಿಂತ. ಭಜನೆ ತಾನಾಗಿ ನಿಂತಿತು. ಅವನು ಬಲಗಾಲು ಎತ್ತಿದ, ಒಂದು ಕ್ಷಣ ಹಾಗೆಯೇ ಹಿಡಿದ, ಆಮೇಲೆ ದಾಟಿದ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಶಂಕರೆಪ್ಪ ಅವನನ್ನು ಖೋಲಿಯೊಳಗೆ ಬಿಟ್ಟುಕೊಂಡು, ಬಾಗಿಲು ಹಾಕಿ ಮೂಲೆಗೆ ಸರಿದ.

ಖೋಲಿಯ ಥಂಡಿಗೆ ಖಂಡಪ್ಪ ನಡುಗಿದ. ಅಕ್ಕನ ಮುಂದೆ ಕೂತು ಅವಳ ಕೈ ಹಿಡಿದ. “ಬರ್ಫ ಆಗ್ಯಾಳ,” ಎಂದು ಅತ್ತುಬಿಟ್ಟ. “ಅಕ್ಕಾ, ಬಂದೇನಿ ನೋಡಬೇ. ನೀನ ಇಲ್ಲಂದಮ್ಯಾಲ ಆಣಿ ಯಾರ ಮ್ಯಾಲ ಇಡೂದು? ಮಗಳು ಸಾರವಾಡದಾಗ ಸುಖಾ ಅದಾಳಬೇ. ನಾಲ್ಕ ಮಕ್ಕಳು. ಅಳಿಯ ನಿನ್ನ ಮಗನಕಿಂತ ಹತ್ತ ಪಾಲು ಶಾಣ್ಯಾ. ಈ ಶಂಕ್ರ್ಯಾಗ ಕೊಟ್ಟಿದ್ರ ಆಕಿ ಗತಿ ಏನಾಗತಿತ್ತು! ನೀ ಮಾಡಿದ್ದ ಚಲೋ ಆತಂತ ನನಗ ಆರ ತಿಂಗಳಿಗೇ ತಿಳೀತು.”

ಮೂಲೆಯಲ್ಲಿ ನಿಂತ ಶಂಕರೆಪ್ಪ ಜಾಳಿಗೆಯ ಧೂಳು ನೋಡುತ್ತಾ ಇದನ್ನು ನುಂಗಿದ.

“ಸಿಟ್ಟ ಆಗಳೇ ಇಳದಿತ್ತಬೇ. ನಾಲ್ಕ ಮಂದಿ ಮುಂದ ಆಡಿದ ಮಾತ ಹೆಂಗ ನುಂಗೂದು? ಸಂತಿಗೆ ಬಂದಾಗೆಲ್ಲಾ ಈ ಓಣಿ ಮೂಲ್ಯಾಗ ನಿಂದರತಿದ್ನಿ. ನೀ ಕಟ್ಟಿ ಮ್ಯಾಲ ಕುಂತಿರತಿದ್ದಿ. ಅದಾಳ ಅಂತ ನೋಡಿ ಹೊಳ್ಳಿ ಹೋಗತಿದ್ನಿ. ಇಪ್ಪತ್ತನಾಕ ವರ್ಷ ಒಂದ ಸಂತಿ ತಪ್ಪಿಸಿಲ್ಲಬೇ.”

ಸಾವಂತ್ರವ್ವನ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಖಂಡಪ್ಪನ ಕಣ್ಣಲ್ಲೂ ನೀರು ತುಂಬಿದ್ದರಿಂದ ಅವನಿಗೆ ಕಾಣಲಿಲ್ಲ. ಬೆಳಗ್ಗಿನಿಂದ ಐದು ತಾಸು ಥಂಡಿಯಲ್ಲಿ ಕೂತ ಮುದುಕಿ ಇನ್ನೂ ಒಂದು ತಾಸು ಕೂರುತ್ತಿದ್ದಳು, ತಮ್ಮನ ಮಾತು ಮುಗಿಯದಿದ್ದರೆ ಸಾಕಿತ್ತು. ಆದರೆ ಮೂಗು ಕೇಳಲಿಲ್ಲ. ಆಕೆ ಸೀನಿದಳು. ಒಂದಲ್ಲ, ಮೂರು. ಮೂರನೆಯದಕ್ಕೆ ಹೊರಗಿನ ಪೇಟಿಯವನು ಬೆಚ್ಚಿ ಒಂದು ಸ್ವರ ಒತ್ತಿದ.

ಖಂಡಪ್ಪ ಹಿಂದಕ್ಕೆ ಬಿದ್ದ. ಸಾವಂತ್ರವ್ವ ಕಣ್ಣು ತೆರೆದು, ಕಂಬಳಿಯಲ್ಲಿ ಮೂಗು ಒರೆಸಿಕೊಂಡು, ಇಪ್ಪತ್ತನಾಲ್ಕು ವರ್ಷದ ನಂತರ ತಮ್ಮನೊಡನೆ ಮೊದಲ ಮಾತಾಡಿದಳು: “ಯಾ ಬಣ್ಣದ ಸೀರಿ ತಂದೀಯೋ ಖಂಡಾ?”

ಅವಳು ಅದನ್ನು ಪ್ರೀತಿಯಿಂದಲೇ ಕೇಳಿದ್ದು. ಅಕ್ಕ ತಮ್ಮ ಇಬ್ಬರೇ ಇದ್ದಿದ್ದರೆ ಖಂಡಪ್ಪ ನಗುತ್ತಿದ್ದನೇನೋ. ಆದರೆ ಸೀನಿನ ಸದ್ದಿಗೆ ಬಾಗಿಲು ತೆರೆದು ಇಡೀ ಓಣಿ ಒಳಗೆ ಇಣುಕಿತ್ತು. ಮೊದಲು ನಕ್ಕವನು ಸಂಗಣ್ಣ, ಆಮೇಲೆ ಎಲ್ಲರೂ. ಖಂಡಪ್ಪ ನೆಲದ ಮೇಲೆ ಬಿದ್ದ ರುಮಾಲನ್ನು ಎತ್ತಿ, ಕೊಡವಿ, ತಲೆಗೆ ಇಟ್ಟುಕೊಂಡ.

“ಮಷಿನ್ ಇಟ್ಟು ನನ್ನ ಆಣಿ ಮುರಿಸಿದ್ರೇನ? ನಾಟಕಾ ಮಾಡಿದ್ರೇನ ಅವ್ವ ಮಗ ಕೂಡಿ?”

“ಖಂಡಾ, ಕುಂಡ್ರೋ. ಅಕ್ಕಿ ಹುಗ್ಗಿ ಮಾಡಸತೇನಿ. ಎರಡ ಮಾತ ಆಡಿ ಹೋಗೋ.”

“ನನ್ನ ಮಾತೆಲ್ಲಾ ಆಡೇನಿ. ನೀ ಕೇಳೀದಿ, ಓಣೀನೂ ಕೇಳೈತಿ,” ಎಂದು ಖಂಡಪ್ಪ ಹೊಸ್ತಿಲು ದಾಟಿ ನಡೆದ. ಓಣಿಯ ನಗು ಮೂಲೆಯವರೆಗೂ ಅವನ ಬೆನ್ನ ಹಿಂದೆ ಹೋಯಿತು. ಸೀರೆ ಖೋಲಿಯಲ್ಲೇ ಉಳಿಯಿತು. ಗಿಣಿ ಹಸಿರು ಮೈ, ಕೆಂಪು ಸೆರಗು.

ಸಾವಂತ್ರವ್ವ ಆ ಸೀರೆಯನ್ನು ಪೆಟ್ಟಿಗೆಯಲ್ಲಿಡಲಿಲ್ಲ, ಮಾರನೆಯ ಸಂತೆಯ ದಿನವೇ ಉಟ್ಟಳು. ಥಂಡಿ ಖೋಲಿ ಬಿಟ್ಟು ಹೊರಗೆ ಕಟ್ಟೆಯ ಮೇಲೆ ಕೂತು ಓಣಿಯ ಮೂಲೆ ನೋಡಿದಳು. ಇಷ್ಟು ವರ್ಷ ಅವನು ಅಲ್ಲಿ ನಿಲ್ಲುತ್ತಿದ್ದುದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಅವನು ನಿಲ್ಲಲಿಲ್ಲ. ಮುಂದಿನ ಸಂತೆಗೂ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. “ಒಳಗ ಬಾರಬೇ, ಝಳಾ ಬಡೀತೈತಿ,” ಎಂದು ಶಂಕರೆಪ್ಪ ಕರೆದರೆ, “ಸ್ವಲ್ಪ ತಡಿಯೋ, ಬಬಲೇಶ್ವರದ ಬಸ್ಸ ಈಗ ಬಂದೈತಿ,” ಎನ್ನುತ್ತಿದ್ದಳು.

ಏಪ್ರಿಲ್ ಮುಗಿಯುವ ಹೊತ್ತಿಗೆ ಮಷಿನ್‌ನ ಗಾಳಿ ಸಣ್ಣದಾಯಿತು. ಗಾಳಿ ಇಷ್ಟು ಸ್ವಚ್ಛವಾದ ಮೇಲೆ ತೆಳುವಾಗುವುದು ಸಹಜ ಎಂದು ಶಂಕರೆಪ್ಪ ಎಲ್ಲರಿಗೂ ವಿವರಿಸಿದ. ಆಮೇಲೆ ಒಳಗೆ ಬರ್ಫ ಕಟ್ಟಿತು. ಕಡೆಗೂ ಬರ್ಫ ಬಂತೆಂದು ಬೋರವ್ವ ಒಂದು ಪಾತ್ರೆ ತಂದಳು. ಮೂರನೆಯ ದಿನ ಕರಕಲು ವಾಸನೆ ಬಂದು ಮಷಿನ್ ನಿಂತಿತು. ಕುತುಬುದ್ದೀನ ಬಂದು ಜಾಳಿಗೆ ಬಿಚ್ಚಿದ. ಅದರ ಮೇಲೆ ಕಂಬಳಿಯಷ್ಟು ದಪ್ಪ ಧೂಳು, ನಡುವೆ ಒಣಗಿದ ವಿಭೂತಿ.

“ತೊಳದೇ ಇಲ್ಲೇನ್ರಿ?”

“ಪದರ ಹೆಚ್ಚಾದಷ್ಟೂ ಚಲೋ ಅಂತ...”

ಕುತುಬುದ್ದೀನ ಬಯ್ಯಲಿಲ್ಲ. ಬಯ್ದಿದ್ದರೆ ಶಂಕರೆಪ್ಪನಿಗೆ ಹಗುರವಾಗುತ್ತಿತ್ತು. “ಉಸರ ಕಟ್ಟಿ ಸತ್ತೈತ್ರಿ,” ಎಂದು ಮೆಲ್ಲಗೆ ಹೇಳಿ, ಮುಂಬಯಿಯ ಮೋಟಾರು ಇಲ್ಲದೆ ಇದು ಏಳುವುದಿಲ್ಲವೆಂದು ಮಷಿನ್ ಬಿಚ್ಚಿ ಒಯ್ದ. ಜಾಳಿಗೆ ಮಾತ್ರ ಉಳಿಯಿತು. ಅಂದಿನಿಂದ ಶಂಕರೆಪ್ಪ ಅದನ್ನು ದಿನಾಲು ಬೆಳಿಗ್ಗೆ ತೊಳೆದು ನೆರಳಲ್ಲಿ ಒಣಗಿಸಿದ. ಕಿಟಕಿಯ ದೊಡ್ಡ ತೂತಿಗೆ ಒದ್ದೆ ಗೋಣಿಚೀಲ ಕಟ್ಟಿದ. ಆಫೀಸಿಗೆ ರಜೆ ಹಾಕಿ ಅವ್ವನ ಪಕ್ಕ ಕೂತು ಬೀಸಣಿಗೆ ಬೀಸಿದ. ತಪ್ಪು ತನ್ನದೆಂದು ಅವನಿಗೆ ತಿಳಿದಿತ್ತು, ಯಾರಿಗೂ ಹೇಳಲಾರದಷ್ಟು ತಿಳಿದಿತ್ತು. ಮೇ ತಿಂಗಳ ನಡುವಿನಲ್ಲಿ ಒಂದು ಬೆಳಗಿನ ಜಾವ ಸಾವಂತ್ರವ್ವ, “ಮೂಲ್ಯಾಗ ಬಂದಾನೇನ ನೋಡೋ,” ಎಂದಳು. ಶಂಕರೆಪ್ಪ ಹೊರಗೆ ಹೋಗಿ ನೋಡಿ ಬಂದ. ಅವನು ಹೇಳುವುದನ್ನು ಕೇಳಲು ಅವ್ವ ಇರಲಿಲ್ಲ.

ಈ ಸಲ ಮೂವರು ನಾಡಿ ಹಿಡಿದು ನೋಡಿದರು, ಡಾಕ್ಟರೂ ಬಂದು ಹೇಳಿದರು. ಅದೇ ಗೋಡೆಗೆ ಒರಗಿಸಿ, ವಿಭೂತಿ ಬಳಿದು, ಕೈಯಲ್ಲಿ ಲಿಂಗವಿಟ್ಟು, ಹಸಿರು ಸೀರೆ ಉಡಿಸಿ ಕೂರಿಸಿದರು. ಶಂಕರೆಪ್ಪ ಬರೆಸಲು ಹೋದಾಗ ಅಮೋಘಿ ವಹಿ ತೆರೆದು ತಲೆ ತಗ್ಗಿಸಿದ. “ಇವರ ಹೆಸರ ಯುಗಾದಿಗೇ ಬರದೈತ್ರಿ. ಒಬ್ಬರನ್ನ ಎರಡ ಸಲ ಬರಿಯಾಕ ಕಾಯದೆ ಇಲ್ಲ.” ಶಂಕರೆಪ್ಪ ವಹಿ ಮುಚ್ಚಿ ಹೊರಗೆ ಬಂದ. ಬಬಲೇಶ್ವರಕ್ಕೆ ತಾನೇ ಹೊರಟ. ಪರಸಪ್ಪ ಅವನನ್ನು ಮುಂದಿನ ಸೀಟಿಗೆ ಕೂರಿಸಿ, ಈ ಸಲ ಯಾವ ಸ್ಟಾಪಿನಲ್ಲೂ ಸುದ್ದಿ ಹೇಳದೆ ಹೋದ.

ಖಂಡಪ್ಪ ಅಂಗಳದ ಬೇವಿನ ನೆರಳಲ್ಲಿ ಹಗ್ಗ ಹೊಸೆಯುತ್ತಿದ್ದ. ಸುದ್ದಿ ಕೇಳಿ ಕೈ ನಿಲ್ಲಿಸಲಿಲ್ಲ.

“ಮತ್ತ ಸತ್ತಳೇನ?”

“ಮಾವಾ, ಈ ಸಲ ಖರೇನ್ರಿ.”

“ಮಷಿನ್ ಬಂದ ಮಾಡು. ಬಾಗಿಲಾ ತಗದು ಒಂದ ತಾಸ ಬಿಡು. ಆಮ್ಯಾಲ ಮುಟ್ಟಿ ನೋಡು. ಬೆಚ್ಚಗಿದ್ರ ಆಕಿ ಬದಕ್ಯಾಳಂತ ತಿಳಿ. ಹೋದ ಸಲ ನಾ ತಣ್ಣನ ಕೈ ಹಿಡದು ಮೋಸಾ ಹೋದ್ನಿ.”

“ಮಷಿನ್ ಕೆಟ್ಟು ಹದಿನೇಳ ದಿನಾ ಆತ್ರಿ ಮಾವಾ. ಬಿಚ್ಚಿ ಒಯ್ದಾರ.”

ಖಂಡಪ್ಪ ಅವನ ಮುಖ ನೋಡಿದ. “ಇದನ್ನೂ ಆಕೀನ ಕಲಿಸಿ ಕಳಿಸ್ಯಾಳೇನ?” ಎಂದ. ಆದರೆ ಎದ್ದ. ಒಳಗೆ ಹೋಗಿ ರುಮಾಲು ಸುತ್ತಿಕೊಂಡು ಬಂದ. “ನಡಿ. ಈ ಸಲ ನಾ ನಗತೇನಿ, ನಿಮ್ಮ ಓಣಿ ನೋಡಲಿ. ಸೀರಿ ಮಾತ್ರ ತರಂಗಿಲ್ಲ, ಒಮ್ಮಿ ಕೊಟ್ಟೇನಿ.” ಬಸ್ಸಿನಲ್ಲಿ ಕೂತು ಅಕ್ಕ ಕಣ್ಣು ತೆರೆದಾಗ ಏನು ಹೇಳಬೇಕೆಂದು ಯೋಚಿಸುತ್ತಾ ಮೀಸೆಯಲ್ಲೇ ನಕ್ಕ. ಶಂಕರೆಪ್ಪ ಅವನನ್ನು ತಿದ್ದಲು ಹೋಗಲಿಲ್ಲ. ಬರುತ್ತಿದ್ದಾನಲ್ಲ, ಬರಲಿ, ಎಂದುಕೊಂಡ.

ಮೂರು ಗಂಟೆಯ ಬಿಸಿಲು ಓಣಿಯನ್ನು ಸುಡುತ್ತಿತ್ತು. ಖಂಡಪ್ಪ ಈ ಸಲ ಹೊಸ್ತಿಲಲ್ಲಿ ನಿಲ್ಲಲಿಲ್ಲ, ಸರಸರನೆ ಒಳಗೆ ಹೋದ. ಮಷಿನ್ ಇದ್ದ ಜಾಗದ ತೂತಿನಿಂದ ಒಲೆಯ ಬಾಯಿಯಂತೆ ಝಳ ಬರುತ್ತಿತ್ತು, ಗೋಣಿಚೀಲ ಒಣಗಿ ಕಟ್ಟಿಗೆಯಾಗಿತ್ತು. ಅವನು ಅದನ್ನು ನೋಡಿ, ಅಕ್ಕನ ಮುಂದೆ ಕೂತು, ನಗುತ್ತಲೇ ಅವಳ ಕೈ ಹಿಡಿದ.

“ಬೆಚ್ಚಗದಾಳ!” ಎಂದು ಬಾಗಿಲ ಕಡೆ ತಿರುಗಿ ಕೂಗಿದ. “ನಾ ಹೇಳಿದ್ನೆಲ್ಲ? ಮುಟ್ಟಿ ನೋಡ್ರಿ, ಬೆಚ್ಚಗದಾಳ!”

ಬಾಗಿಲಲ್ಲಿ ಓಣಿಯೆಲ್ಲ ನಿಂತಿತ್ತು. ಯಾರೂ ನಗಲಿಲ್ಲ. ಬೋರವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆ ಮಧ್ಯಾಹ್ನ ಆ ಖೋಲಿಯಲ್ಲಿ ಗೋಡೆಯೂ ಬೆಚ್ಚಗಿತ್ತು, ಹಿತ್ತಾಳೆಯ ಚೊಂಬೂ ಬೆಚ್ಚಗಿತ್ತು, ನೆಲವೂ ಬೆಚ್ಚಗಿತ್ತು. ಅದನ್ನು ಅವನಿಗೆ ಹೇಳುವವರು ಯಾರು? ಶಂಕರೆಪ್ಪ, “ಮಾವಾ,” ಎಂದು ಭುಜ ಮುಟ್ಟಿದ. ಖಂಡಪ್ಪ ಅವನ ಕೈ ಕೊಡವಿ ಹಾಕಿದ.

“ಎಲ್ಲಾರೂ ಸುಮ್ಮನಿರ್ರಿ,” ಎಂದ. ಅಕ್ಕನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಮುಖದ ಹತ್ತಿರ ಮುಖ ತಂದು ಕಾಯತೊಡಗಿದ. “ತಡೀರಿ, ಈಗ ಸೀನತಾಳ.”